ಆಯ್ಕೆ ಮಕ್ಕಳದ್ದಿರಲಿ, ಅಳತೆ ಮಾತ್ರ ಯಾರಿಗೂ ತಪ್ಪದಿರಲಿ

ನಮಸ್ಕಾರ. ಇವತ್ತಿನ ಮಾತು ಪ್ರಾಥಮಿಕ ತರಗತಿಗಳಿಗೆ ವಿಜ್ಞಾನ ಹೇಳಿಕೊಡುವವರ ಜೊತೆ. ವಿಷಯ, ಸರಳ ಯಂತ್ರಗಳು: ಸನ್ನೆ (ಲಿವರ್), ರಾಟೆ, ಗಾಲಿ-ಅಚ್ಚು, ಇಳಿಜಾರು, ಬೆಣೆ, ತಿರುಪು.

ಈ ಪಾಠಕ್ಕೆ ಆಯ್ಕೆ ಚಟುವಟಿಕೆ ಅಂದರೆ ಸಾಮಾನ್ಯವಾಗಿ ಮಕ್ಕಳ ಕೈಗೆ ಬರುವುದು ಒಂಬತ್ತು ಚೌಕದ ಒಂದು ಹಾಳೆ. ಭಿತ್ತಿಪತ್ರ ಮಾಡು, ಹಾಡು ಕಟ್ಟು, ಸನ್ನೆಗಳ ಚಿತ್ರ ಅಂಟಿಸು, ಪದಬಂಧ ಬಿಡಿಸು. ಎಲ್ಲೋ ಮೂಲೆಯ ಚೌಕದಲ್ಲಿ, ಇಳಿಜಾರಿನ ಮೇಲೆ ಭಾರ ಎಳೆದು ನೋಡು. ಇವುಗಳಲ್ಲಿ ಬೇಕಾದ ಮೂರನ್ನು ಆರಿಸಿಕೊಳ್ಳಬಹುದು. ಚಿತ್ರ ಬರೆಯುವ ಮಗು ಚಿತ್ರ ಬರೆಯುತ್ತದೆ, ಹಾಡುವ ಮಗು ಹಾಡುತ್ತದೆ. ಪಾಠ ಮುಗಿದಾಗ ಆರು ಹೆಸರು ಬಾಯಿಗೆ ಬಂದಿರುತ್ತವೆ, ಕೈ ಮಾತ್ರ ಒಂದು ಭಾರವನ್ನೂ ಎಳೆದಿರುವುದಿಲ್ಲ. ಇಂಥ ಹಾಳೆಯನ್ನು ಪಕ್ಕಕ್ಕಿಡಿ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಮಕ್ಕಳಿಗೆ ಆಯ್ಕೆ ಧಾರಾಳವಾಗಿ ಕೊಡಿ. ಯಾವ ಸಮಸ್ಯೆ ಬಿಡಿಸಬೇಕು, ಯಾವುದನ್ನು ಬದಲಾಯಿಸಿ ನೋಡಬೇಕು, ಅದೆಲ್ಲ ಅವರಿಗೇ ಬಿಟ್ಟದ್ದು. ಅಳೆಯಬೇಕೋ ಬೇಡವೋ ಅನ್ನುವುದನ್ನು ಮಾತ್ರ ಆಯ್ಕೆಗೆ ಬಿಡಬೇಡಿ.

ಯಾಕೆಂದರೆ ಈ ಪಾಠದ ಜೀವಾಳ ಒಂದೇ ಸಂಗತಿ: ಕಡಿಮೆ ಬಲ ಹಾಕಿದರೆ ಹೆಚ್ಚು ದೂರ ಎಳೆಯಬೇಕಾಗುತ್ತದೆ. ಬಲವನ್ನಷ್ಟೇ ನೋಡಿದ ಮಗು ಯಂತ್ರ ಏನನ್ನೋ ಪುಕ್ಕಟೆಯಾಗಿ ಕೊಡುತ್ತದೆ ಅಂದುಕೊಳ್ಳುತ್ತದೆ. ಹಾಗಾಗಿ ಯಾವ ಚಟುವಟಿಕೆ ಆರಿಸಿಕೊಂಡರೂ ಎರಡು ಅಂಕಿ ಬರೆಯಲೇಬೇಕು: ಎಷ್ಟು ಬಲ, ಎಷ್ಟು ದೂರ. ಆರು ಹೆಸರುಗಳಿಗೆ ಅಷ್ಟೊಂದು ಮಹತ್ವ ಬೇಡ. ಪ್ರಾಚೀನ ಗ್ರೀಕ್ ತಂತ್ರಜ್ಞ, ಅಲೆಕ್ಸಾಂಡ್ರಿಯಾದ ಹೀರೋ ಪಟ್ಟಿ ಮಾಡಿದ್ದು ಐದೇ ಯಂತ್ರ. ಇಳಿಜಾರು ಆ ಪಟ್ಟಿಗೆ ಸೇರಿದ್ದು ಎಷ್ಟೋ ಶತಮಾನಗಳ ನಂತರ. ರಾಟೆಯನ್ನೂ ಗಾಲಿ-ಅಚ್ಚನ್ನೂ ಸನ್ನೆಯ ರೂಪಗಳೆಂದೇ ನೋಡಬಹುದು. ಬೆಣೆ ಮತ್ತು ತಿರುಪು ಇಳಿಜಾರಿನ ರೂಪಗಳು.

ಮೊದಲ ಪಿರಿಯಡ್‌ನಲ್ಲಿ ಆಯ್ಕೆ ಇಲ್ಲ. ಎಲ್ಲರೂ ಸೇರಿ ಎಳೆತದ ಬಲ ಅಳೆಯುವ ಮಾಪಕ ತಯಾರಿಸಬೇಕು. 30 ಸೆಂಟಿಮೀಟರ್ ಉದ್ದದ ರಟ್ಟಿನ ಪಟ್ಟಿ, ಅಗಲವಾದ ಒಂದು ರಬ್ಬರ್ ಬ್ಯಾಂಡ್, ಎರಡು ಪೇಪರ್ ಕ್ಲಿಪ್. ಬ್ಯಾಂಡಿನ ಒಂದು ತುದಿಯನ್ನು ಕ್ಲಿಪ್ಪಿನಿಂದ ಪಟ್ಟಿಯ ಮೇಲ್ತುದಿಗೆ ಭದ್ರಪಡಿಸಿ. ಇನ್ನೊಂದು ಕ್ಲಿಪ್ಪನ್ನು ಕೊಕ್ಕೆಯಂತೆ ಬಗ್ಗಿಸಿ ಕೆಳತುದಿಗೆ ಸಿಕ್ಕಿಸಿ. ತೀರಾ ಹಗುರವಾದ ಖಾಲಿ ಬಾಟಲಿ ತೂಗುಹಾಕಿ ಸೊನ್ನೆ ಗುರುತು ಮಾಡಿ. ಆಮೇಲೆ 50 ಮಿಲಿಲೀಟರ್‌ನಂತೆ ನೀರು ಹಾಕುತ್ತಾ 500ರವರೆಗೆ ಗುರುತು ಹಾಕಿಸಿ. ಒಂದು ಮಿಲಿಲೀಟರ್ ನೀರು ಒಂದು ಗ್ರಾಂ ತೂಗುವುದರಿಂದ ಬೇರೆ ತೂಕದ ಬಟ್ಟು ಬೇಡ. ಬಲದ ಮಾನವಾದ ನ್ಯೂಟನ್ ಅನ್ನುವ ಮಾತು ಮುಂದಿನ ತರಗತಿಗಳಲ್ಲಿ ಬರಲಿ. ಈಗ "150 ಗ್ರಾಂ ತೂಕದಷ್ಟು ಎಳೆತ" ಅಂದರೆ ಸಾಕು.

ಇಲ್ಲಿ ಎಡವುವುದು ಎಲ್ಲಿ ಅಂದರೆ, ಹೊಸ ರಬ್ಬರ್ ಬ್ಯಾಂಡ್ ಮೊದಲ ಕೆಲವು ಎಳೆತಗಳಲ್ಲಿ ಸಡಿಲವಾಗುತ್ತದೆ. ಗುರುತು ಹಾಕುವ ಮುಂಚೆಯೇ ಹತ್ತಾರು ಸಲ ಚೆನ್ನಾಗಿ ಎಳೆದು ಬಿಡಿ. ಗುರುತುಗಳ ನಡುವಿನ ಅಂತರ ಸಮವಾಗಿ ಬರುವುದಿಲ್ಲ. ಮಕ್ಕಳು ಅದನ್ನು ತಪ್ಪೆಂದುಕೊಂಡು ಸ್ಕೇಲ್ ಇಟ್ಟು ಸರಿಮಾಡಲು ಹೋಗುತ್ತಾರೆ, ಬಿಡಬೇಡಿ. ಶಾಲೆಯಲ್ಲಿ ಸ್ಪ್ರಿಂಗ್ ತಕ್ಕಡಿ ಇದ್ದರೆ ಇನ್ನೂ ಒಳ್ಳೆಯದು. ಆದರೆ ಅದನ್ನು ಓರೆಯಾಗಿಯೋ ಅಡ್ಡವಾಗಿಯೋ ಹಿಡಿದಾಗ ಸೊನ್ನೆ ಸ್ವಲ್ಪ ಜರುಗುತ್ತದೆ. ಯಾವ ಭಂಗಿಯಲ್ಲಿ ಎಳೆಯುತ್ತೀರೋ ಅದೇ ಭಂಗಿಯಲ್ಲಿ ಸೊನ್ನೆ ನೋಡಿಕೊಳ್ಳಬೇಕು.

ಎರಡನೇ ಪಿರಿಯಡ್‌ನಿಂದ ಆಯ್ಕೆ ಶುರು. ಒಂಬತ್ತು ಬೇಡ, ಮೂರು ಸಾಕು: ಇಳಿಜಾರು, ಸನ್ನೆ, ರಾಟೆ. ಮೂರಾದರೆ ಒಬ್ಬ ಶಿಕ್ಷಕರು ಎಲ್ಲ ಕಡೆಗೂ ಕಣ್ಣಿಡಬಹುದು. ಗುಂಪಿನಲ್ಲೂ ಮೂವರೇ ಇರಲಿ. ಒಬ್ಬರು ಎಳೆಯುತ್ತಾರೆ, ಒಬ್ಬರು ಓದುತ್ತಾರೆ, ಒಬ್ಬರು ಬರೆಯುತ್ತಾರೆ, ಪ್ರತಿ ಅಳತೆಗೂ ಕೆಲಸ ಬದಲು. ನಾಲ್ಕನೆಯವರಿದ್ದರೆ ಆ ಮಗುವಿಗೆ ನೋಡುತ್ತಾ ನಿಲ್ಲುವುದೇ ಕೆಲಸ.

ಇಳಿಜಾರಿಗೆ ಹೆಚ್ಚು ಸಮಯ ಇಟ್ಟುಕೊಳ್ಳಿ, ಅದರಲ್ಲಿ ಸಿಗುವಷ್ಟು ಬೇರೆಲ್ಲೂ ಸಿಗುವುದಿಲ್ಲ. ಒಂದು ಆಟಿಕೆ ಗಾಡಿ, ಅದರ ಮೇಲೆ ಸಣ್ಣ ಡಬ್ಬಿ. ಗಾಡಿಯನ್ನು ಮಾಪಕಕ್ಕೆ ನೇತುಹಾಕಿ, ಓದು 400ಕ್ಕೆ ಬರುವವರೆಗೆ ಡಬ್ಬಿಗೆ ಮರಳು ತುಂಬಿ. ನೇರವಾಗಿ ಎತ್ತಲು ಬೇಕಾದ ಬಲ ಅದು. ಪುಸ್ತಕ ಪೇರಿಸಿ 20 ಸೆಂಟಿಮೀಟರ್ ಎತ್ತರ ಮಾಡಿ, ಅದಕ್ಕೆ 80 ಸೆಂಟಿಮೀಟರ್ ಹಲಗೆಯನ್ನು ಒರಗಿಸಿ. ಘರ್ಷಣೆಯೇ ಇಲ್ಲದಿದ್ದರೆ 100 ಗ್ರಾಂ ಎಳೆತ ಸಾಕಾಗುತ್ತಿತ್ತು, ಯಾಕೆಂದರೆ ದೂರ ಎತ್ತರದ ನಾಲ್ಕು ಪಟ್ಟು ಇದೆ. ಮಕ್ಕಳಿಗೆ 120, 130 ಹೀಗೆ ಏನೋ ಬರುತ್ತದೆ. ಐದನೇ ತರಗತಿಯವರಾದರೆ ಗುಣಿಸಲಿ. ನೇರ ಎತ್ತಿದರೆ 400 ಗುಣಿಸು 20, ಅಂದರೆ 8,000. ಇಳಿಜಾರಿನಲ್ಲಿ 120 ಗುಣಿಸು 80, ಅಂದರೆ 9,600. ಬಲ ಉಳಿಯಿತು, ಆದರೆ ಗುಣಲಬ್ಧ ಕಡಿಮೆಯಾಗುವ ಬದಲು ಹೆಚ್ಚಾಯಿತು. ಆ 1,600 ಎಲ್ಲಿಗೆ ಹೋಯಿತು ಎಂದು ಕೇಳಿ ಸುಮ್ಮನಿದ್ದುಬಿಡಿ. ಗಾಲಿ, ಅಚ್ಚು, ಹಲಗೆಯ ಕಡೆಗೆ ಅವರೇ ಬೆರಳು ತೋರಿಸುತ್ತಾರೆ.

ಈಗ ಮಕ್ಕಳ ಆಯ್ಕೆ: ಹಲಗೆಯ ಉದ್ದ ಬದಲಿಸುತ್ತೀರೋ, ಮೇಲ್ಮೈ ಬದಲಿಸುತ್ತೀರೋ, ಗಾಡಿ ಬಿಟ್ಟು ಡಬ್ಬಿಯನ್ನೇ ಎಳೆಯುತ್ತೀರೋ? ಯಾವುದಾದರೂ ಒಂದು. ಉದ್ದ ಆರಿಸಿಕೊಂಡವರಲ್ಲಿ ಬಹಳಷ್ಟು ಮಂದಿ ಹಲಗೆ ಬದಲಿಸುವ ಬದಲು ಪುಸ್ತಕ ತೆಗೆಯುತ್ತಾರೆ. ಇಳಿಜಾರು ಕಡಿಮೆಯಾದದ್ದೇನೋ ನಿಜ, ಆದರೆ ಭಾರ ಏರಬೇಕಾದ ಎತ್ತರವೂ ಕಡಿಮೆಯಾಯಿತು. ಕೆಲಸವೇ ಬೇರೆಯಾದ ಮೇಲೆ ಹೋಲಿಕೆ ಎಲ್ಲಿಂದ? 20 ಸೆಂಟಿಮೀಟರ್ ಎತ್ತರವನ್ನು ಬಣ್ಣದ ಟೇಪು ಹಚ್ಚಿ ಗುರುತಿಸಿಬಿಡಿ, ಅದನ್ನು ಯಾರೂ ಮುಟ್ಟಕೂಡದು. ಇನ್ನೊಂದು ತೊಂದರೆ ಕೈಯದ್ದು. ಎಳೆಯುವ ಕೈ ಮೇಲೆ ಹೋದರೆ ಗಾಡಿಯ ಮುಂಭಾಗ ಎದ್ದುಬಿಡುತ್ತದೆ. ಮಾಪಕ ಹಲಗೆಗೆ ಸಮಾನಾಂತರವಾಗಿರಬೇಕು. ಓದುವುದು ಗಾಡಿ ನಿಧಾನವಾಗಿ, ಒಂದೇ ವೇಗದಲ್ಲಿ ಚಲಿಸುತ್ತಿರುವಾಗ. ಹೊರಡುವ ಕ್ಷಣದ ಓದು ಯಾವಾಗಲೂ ಹೆಚ್ಚೇ ಇರುತ್ತದೆ.

ಡಬ್ಬಿಯನ್ನೇ ಎಳೆಯುವ ಗುಂಪಿಗೆ ಒಂದು ಅಚ್ಚರಿ ಕಾದಿದೆ. ಉಪ್ಪುಕಾಗದದಂಥ ಒರಟು ಮೇಲ್ಮೈ ಇದ್ದು, ಹಲಗೆ ತೀರಾ ಕಡಿದಾಗಿದ್ದರೆ, ನೇರ ಎತ್ತುವುದಕ್ಕಿಂತ ಎಳೆಯುವುದಕ್ಕೇ ಹೆಚ್ಚು ಬಲ ಬೇಕಾಗಬಹುದು. ಮಗು ಬಂದು "ನಮ್ಮದು ತಪ್ಪು ಬಂತು ಮಿಸ್" ಅನ್ನುತ್ತದೆ. ತಪ್ಪಲ್ಲ, ಹಾಗೇ ಬರೆದಿಡಲು ಹೇಳಿ. ಯಂತ್ರ ಯಾವಾಗಲೂ ಸಹಾಯ ಮಾಡುತ್ತದೆ ಎಂಬ ನಂಬಿಕೆಯನ್ನು ಈ ಒಂದು ಓದು ಅಲುಗಾಡಿಸುತ್ತದೆ.

ಸನ್ನೆಗೆ ಎಲ್ಲರೂ ಪೆನ್ಸಿಲ್ ಮೇಲೆ ಸ್ಕೇಲ್ ಇಡುತ್ತಾರೆ. ಪೆನ್ಸಿಲ್ ಉರುಳುತ್ತದೆ, ಅದಕ್ಕಿಂತ ದೊಡ್ಡ ತೊಂದರೆ, ಅದರ ಎತ್ತರ ಒಂದು ಸೆಂಟಿಮೀಟರೂ ಇಲ್ಲ, ಭಾರ ಎಷ್ಟು ಮೇಲೆ ಬಂತು ಅಂತ ಅಳೆಯಲು ಸಾಧ್ಯವೇ ಇಲ್ಲ. ಸುಮಾರು 6 ಸೆಂಟಿಮೀಟರ್ ಎತ್ತರದ ಮರದ ತುಂಡಿನ ಮೇಲೆ ಪೆನ್ಸಿಲ್ಲನ್ನು ಟೇಪು ಹಾಕಿ ಕೂರಿಸಿ, ಅದೇ ಆನಿಕೆ, ಅಂದರೆ ಸನ್ನೆ ತಿರುಗುವ ಬಿಂದು. 30 ಸೆಂಟಿಮೀಟರ್ ಸ್ಕೇಲಿನ 15ರ ಗುರುತು ಅದರ ಮೇಲಿರಲಿ. ಆನಿಕೆಯಿಂದ 5 ಸೆಂಟಿಮೀಟರ್ ದೂರದಲ್ಲಿ ಒಂದೇ ಅಳತೆಯ ಆರು ವಾಷರ್. ಇನ್ನೊಂದು ಬದಿಯಲ್ಲಿ ಮೂರೇ ವಾಷರ್‌ನಿಂದ ಅದನ್ನು ತೂಗಿಸಿ ನೋಡೋಣ, ಎಲ್ಲಿಡುತ್ತೀರಿ? 10ರಲ್ಲಿ ಸಿಗುತ್ತದೆ. ಎರಡಾದರೆ? ತುದಿಯ 15ರಲ್ಲಿ. ಸ್ಕೇಲ್ ಮಟ್ಟವಾಗಿರುವಾಗಿನಿಂದ ಆ ತುದಿಯನ್ನು ಮೇಜಿಗೆ ತಾಗುವವರೆಗೆ ಒತ್ತಿದರೆ ಬೆರಳು ಸುಮಾರು 6 ಸೆಂಟಿಮೀಟರ್ ಇಳಿಯುತ್ತದೆ, ಭಾರ ಏರುವುದು ಸುಮಾರು 2 ಮಾತ್ರ. ವಾಷರಿನ ಅಂಚಲ್ಲ, ನಡುಭಾಗ ಗುರುತಿನ ಮೇಲಿರಬೇಕು. ಸ್ಕೇಲ್ ಅಲುಗಾಡದೆ ನಿಲ್ಲಲಿ ಅಂತ ಕಾಯಬೇಡಿ, ಅದು ನಿಲ್ಲುವುದಿಲ್ಲ. ಯಾವ ಗುರುತಿನಲ್ಲಿ ಇನ್ನೊಂದು ಬದಿಗೆ ವಾಲಲು ಶುರುವಾಯಿತು ಅನ್ನುವುದನ್ನು ಬರೆದುಕೊಳ್ಳಿ.

ಒಂದೇ ವಾಷರಿನಿಂದ ಆರನ್ನು ಎತ್ತುವ ಆಸೆ ಮಕ್ಕಳಿಗೆ ಬಂದೇ ಬರುತ್ತದೆ. ಆನಿಕೆಗೂ ಭಾರಕ್ಕೂ ನಡುವಿನ 5 ಸೆಂಟಿಮೀಟರ್ ಹಾಗೇ ಇರಬೇಕಾದರೆ ಅದಕ್ಕೆ ಆನಿಕೆಯನ್ನು ಸರಿಸಬೇಕು, ಸರಿಸಿದ ಕೂಡಲೇ ಲೆಕ್ಕ ಕೈಕೊಡುತ್ತದೆ. ಉದ್ದನೆಯ ಬದಿಯಲ್ಲಿ ಸ್ಕೇಲಿನ ಸ್ವಂತ ತೂಕವೂ ಕೆಲಸಕ್ಕೆ ಇಳಿಯುವುದೇ ಕಾರಣ. ಐದನೇ ತರಗತಿಗೆ ಇದು ಒಳ್ಳೆಯ ಒಗಟು. ಮೂರನೇ ತರಗತಿಗೆ ಬೇಡ, ಆನಿಕೆ ನಡುವಿನಲ್ಲೇ ಇರಲಿ.

ರಾಟೆಗೆ ಖಾಲಿ ದಾರದ ರೀಲು, ಅದರೊಳಗೆ ನುಣುಪಾದ ಕಡ್ಡಿ. ಮೇಲೆ ಕಟ್ಟಿದ ಸ್ಥಿರ ರಾಟೆ ಎಳೆಯುವ ದಿಕ್ಕು ಬದಲಿಸುತ್ತದೆ ಅಷ್ಟೆ. 400ರ ಭಾರಕ್ಕೆ ಓದು 400ಕ್ಕಿಂತ ಸ್ವಲ್ಪ ಹೆಚ್ಚೇ ಬರುತ್ತದೆ. ಮಕ್ಕಳು ಇದನ್ನು ತಾವೇ ನೋಡಬೇಕು. ರೀಲನ್ನು ಭಾರಕ್ಕೆ ಕಟ್ಟಿ ಚಲ ರಾಟೆ ಮಾಡಿದಾಗ ಅರ್ಧಕ್ಕೆ ಇಳಿಯಬೇಕು, ಆದರೆ ರೀಲು ಕಡ್ಡಿಗೆ ಉಜ್ಜುವುದರಿಂದ, ರೀಲಿನ ತೂಕವೂ ಭಾರಕ್ಕೆ ಸೇರುವುದರಿಂದ 200ಕ್ಕೆ ಬರುವುದಿಲ್ಲ. ದಾರದ ಎರಡು ಎಳೆಗಳು ಅಗಲವಾಗಿ ಕವಲೊಡೆದಿದ್ದರೆ ಇನ್ನೂ ಹೆಚ್ಚು ಬೇಕು; ಎರಡೂ ನೆಟ್ಟಗಿರಲಿ. ದೂರದ ಲೆಕ್ಕ ಮಾತ್ರ ಎಂದೂ ಕೈಕೊಡುವುದಿಲ್ಲ: ಭಾರ 20 ಸೆಂಟಿಮೀಟರ್ ಏರಲು ದಾರ 40 ಸೆಂಟಿಮೀಟರ್ ಬರಲೇಬೇಕು.

ಮಕ್ಕಳ ಆಯ್ಕೆಯ ಹೊರಗೆ ಉಳಿದ ಮೂರು ಯಂತ್ರಗಳನ್ನು ಎಲ್ಲರಿಗೂ ಮಾಡಿ ತೋರಿಸಿದರೆ ಸಾಕು. ಗಾಲಿ ಮತ್ತು ಅಚ್ಚಿನ ಬಗ್ಗೆ ಒಂದು ತಕರಾರು. ಇದಕ್ಕೆ ಆಟಿಕೆ ಕಾರನ್ನು ಉದಾಹರಣೆ ಕೊಡುವುದು ಬಿಡಿ. ಅದರ ಗಾಲಿ ಸುಮ್ಮನೆ ಉರುಳುತ್ತದೆ, ಘರ್ಷಣೆ ತಗ್ಗಿಸುತ್ತದೆ, ಬಲವನ್ನು ಹೆಚ್ಚಿಸುವುದಿಲ್ಲ. ಗಾಲಿ, ಅಚ್ಚು ಎರಡೂ ಒಟ್ಟಿಗೆ ತಿರುಗಿದಾಗ ಮಾತ್ರ ಅದು ಈ ಯಂತ್ರ. 7 ಮಿಲಿಮೀಟರ್ ದಪ್ಪದ ಪೆನ್ಸಿಲ್ಲಿಗೆ 7 ಸೆಂಟಿಮೀಟರ್ ಅಗಲದ ರಟ್ಟಿನ ಬಿಲ್ಲೆಯನ್ನು ಗಟ್ಟಿಯಾಗಿ ಅಂಟಿಸಿ. ಪೆನ್ಸಿಲ್ಲಿಗೆ ಸುತ್ತಿದ ದಾರದಲ್ಲಿ ಭಾರ, ಬಿಲ್ಲೆಗೆ ಸುತ್ತಿದ ದಾರದಲ್ಲಿ ಎಳೆತ. ಹತ್ತು ಪಟ್ಟು ದಾರ ಎಳೆಯಬೇಕು. ಅಂಟು ಬಿಟ್ಟುಕೊಂಡರೆ ಬಿಲ್ಲೆಯಷ್ಟೇ ತಿರುಗುತ್ತದೆ, ಭಾರ ಇದ್ದಲ್ಲೇ ಇರುತ್ತದೆ.

ತಿರುಪಿಗೆ ಎಂ6 ಅಳತೆಯ (6 ಮಿಲಿಮೀಟರ್ ದಪ್ಪದ) ಒಂದು ಬೋಲ್ಟು, ಎಂ8 ಅಳತೆಯ (8 ಮಿಲಿಮೀಟರ್ ದಪ್ಪದ) ಒಂದು ಬೋಲ್ಟು, ಎರಡಕ್ಕೂ ನಟ್ಟು. ಹತ್ತು ಸುತ್ತು ತಿರುಗಿಸಿದರೆ ಸಾಮಾನ್ಯ ಎಂ6ರಲ್ಲಿ ನಟ್ಟು 10 ಮಿಲಿಮೀಟರ್ ಸರಿಯುತ್ತದೆ, ಎಂ8ರಲ್ಲಿ 12.5. ಬೆಣೆಯನ್ನು ಅಳೆಯಲು ಹೋಗಬೇಡಿ, ಅದರಲ್ಲಿ ಘರ್ಷಣೆಯ ಪಾಲೇ ದೊಡ್ಡದು, ಓದುಗಳು ಗೊಂದಲ ಹುಟ್ಟಿಸುತ್ತವೆ. ರಬ್ಬರ್ ಬ್ಯಾಂಡ್ ಹಾಕಿದ ಎರಡು ಪುಸ್ತಕಗಳ ನಡುವೆ ಒಂದು ತೆಳು ಬೆಣೆ, ಒಂದು ದಪ್ಪ ಬೆಣೆ ತೂರಿಸಿ ನೋಡಿದರೆ ಸಾಕು.

ಇನ್ನು ಮೌಲ್ಯಮಾಪನ. "ಆರು ಸರಳ ಯಂತ್ರಗಳನ್ನು ಹೆಸರಿಸಿ" ಅನ್ನುವ ಪ್ರಶ್ನೆ ಬೇಡ. ಮಗುವಿನ ಕೈಗೆ ಒಂದು ಚಿಮುಟ ಕೊಡಿ. ಬೆರಳು ಒತ್ತುವುದು ನಡುವಿನಲ್ಲಿ, ವಸ್ತು ಸಿಕ್ಕಿಕೊಳ್ಳುವುದು ತುದಿಯಲ್ಲಿ. ಇಲ್ಲಿ ಬೆರಳಿನ ಬಲ ಉಳಿಯುತ್ತದೆಯೋ, ಹೆಚ್ಚು ಬೇಕಾಗುತ್ತದೆಯೋ, ಎಂದು ಕೇಳಿ. ಹೆಚ್ಚು ಬೇಕು, ಬದಲಿಗೆ ತುದಿ ಬೆರಳಿಗಿಂತ ಹೆಚ್ಚು ದೂರ ಚಲಿಸುತ್ತದೆ. ಮಗು ಉತ್ತರಿಸುವ ಮೊದಲು ಸ್ಕೇಲ್ ಕೇಳಿ ಪಡೆದು ಆ ಎರಡು ಚಲನೆಗಳನ್ನು ಅಳೆದರೆ, ಅದಕ್ಕೂ ಅಂಕ ಕೊಡಿ.