ಬೆಕ್ಕಿನ ಕಣ್ಣು, ಕಿಟಕಿಯ ಬೆಳಕು

ಕೇಳುಗರಿಗೆ ನಮಸ್ಕಾರ.

ಬೆಕ್ಕಿನ ಫೋಟೊ ತೆಗೆಯಬೇಕೆಂದರೆ ಮೊದಲು ಫ್ಲಾಶ್ ಆಫ್ ಮಾಡಿಬಿಡಿ. ಬೆಕ್ಕಿನ ಅಕ್ಷಿಪಟಲದ ಹಿಂದೆ ಬೆಳಕನ್ನು ಕನ್ನಡಿಯಂತೆ ಹಿಂತಿರುಗಿಸುವ ಪದರವೊಂದಿದೆ. ಫ್ಲಾಶ್ ಅದಕ್ಕೆ ತಾಗಿ ನೇರ ಲೆನ್ಸಿಗೇ ಮರಳುವುದರಿಂದ ಕಣ್ಣು ಹಸಿರಾಗಿಯೋ ಹಳದಿಯಾಗಿಯೋ ಉರಿಯುತ್ತದೆ. ಫೋಟೊ ತಿದ್ದುವ ಆ್ಯಪ್‌ನಲ್ಲಿ ಕಣ್ಣಿನ ಹೊಳಪು ತೆಗೆಯಲು ಇರುವ ‘ರೆಡ್ ಐ’ ಸೌಲಭ್ಯ ಹುಡುಕುವುದು ಕೆಂಪನ್ನು. ಬೆಕ್ಕಿನ ಈ ಹಸಿರು, ಹಳದಿ ಹೊಳಪು ಆ ಸೌಲಭ್ಯಕ್ಕೆ ಸಿಗುವುದೇ ಇಲ್ಲ.

ಫ್ಲಾಶ್ ಬದಲಿಗೆ ಕಿಟಕಿ ಇದೆಯಲ್ಲ. ಬೆಕ್ಕನ್ನು ಎತ್ತಿ ತಂದು ಕೂರಿಸಿದರೆ ಅದು ಕೂತೀತೇ? ಅದು ದಿನಾ ಮಲಗುವ ಬಟ್ಟೆಯನ್ನೇ ಕಿಟಕಿಯ ಪಕ್ಕ ಹಾಸಿ ಕಾಯಿರಿ. ನೇರ ಬಿಸಿಲಿನಲ್ಲಿ ಕಣ್ಣಿನ ಪಾಪೆ ಸಣ್ಣ ಗೆರೆಯಾಗಿಬಿಡುತ್ತದೆ, ಬಿಳಿ ರೋಮದ ವಿವರ ಅಳಿಸಿಹೋಗುತ್ತದೆ. ಬಿಸಿಲಿಲ್ಲದ ಬೆಳಕು ಒಂದು ಪಕ್ಕದಿಂದ ಬಿದ್ದರೆ ರೋಮದ ಎಳೆ ಎಳೆಯೂ ಎದ್ದು ಕಾಣುತ್ತದೆ. ನೀವು ನೆಲಕ್ಕಿಳಿದು ಅದರ ಕಣ್ಣಿನ ಮಟ್ಟದಲ್ಲಿ ಕ್ಯಾಮೆರಾ ಹಿಡಿಯಿರಿ. ಫೋನನ್ನು ಮುಖದ ತೀರಾ ಹತ್ತಿರ ಒಯ್ದರೆ ಮೂಗು ಊದಿಕೊಂಡಂತೆ ಕಾಣುತ್ತದೆ. ಒಂದು ಮೀಟರಿನಷ್ಟು ಹಿಂದೆ ಸರಿದು 2 ಪಟ್ಟು ಜೂಮ್ ಬಳಸಿ.

ಸುಮ್ಮನೆ ಕೂತ ಬೆಕ್ಕಿಗೂ ಶಟರ್ ವೇಗ ಸೆಕೆಂಡಿನ 250ನೇ ಒಂದು ಭಾಗ ಇರಲಿ, ಕಿವಿ ಯಾವಾಗ ತಿರುಗುತ್ತದೋ ಹೇಳಲಾಗದು. ನೆಗೆದಾಡುವಾಗ 1000ನೇ ಒಂದು ಭಾಗ ಬೇಕು. ಇದಕ್ಕಾಗಿ ಐಎಸ್ಒ, ಅಂದರೆ ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆ, ಏರಿದರೆ ಏರಲಿ. ಅದರಿಂದ ಚಿತ್ರದಲ್ಲಿ ಮೂಡುವ ಮರಳಿನಂಥ ಚುಕ್ಕೆಗಳನ್ನು, ಅಂದರೆ ನಾಯ್ಸನ್ನು, ಆಮೇಲೆ ತಗ್ಗಿಸಬಹುದು, ಅಲುಗಿದ ಮುಖವನ್ನು ಸರಿಪಡಿಸುವುದು ಕಷ್ಟ. ಫೋಕಸ್ ಯಾವಾಗಲೂ ಹತ್ತಿರದ ಕಣ್ಣಿನ ಮೇಲಿರಲಿ.

ಹೆಚ್ಚು ಜನ ಸೋಲುವುದು ಕಪ್ಪು ಬೆಕ್ಕಿನ ಮುಂದೆ. ಕ್ಯಾಮೆರಾ ಏನನ್ನು ಕಂಡರೂ ಅದನ್ನು ನಡುಬೂದು ಬಣ್ಣಕ್ಕೆ ತರಲು ನೋಡುತ್ತದೆ. ಹಾಗಾಗಿ ಚೌಕಟ್ಟು ತುಂಬಿದ ಕಪ್ಪು ಬೆಕ್ಕು ಬೂದಿ ಬಳಿದಂತೆ ಬರುತ್ತದೆ, ಬಿಳಿ ಬೆಕ್ಕು ಮಂಕಾಗುತ್ತದೆ. ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಕಪ್ಪಿಗೆ ಸುಮಾರು ಒಂದು ಸ್ಟಾಪ್ ಇಳಿಸಿ, ಬಿಳಿಗೆ ಅಷ್ಟೇ ಏರಿಸಿ; ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ, ಏರಿಸಿದರೆ ಇಮ್ಮಡಿಯಾಗುತ್ತದೆ. ಫೋನಿನಲ್ಲಾದರೆ ಮುಖದ ಮೇಲೆ ಬೆರಳಿಟ್ಟು ಫೋಕಸ್ ಲಾಕ್ ಮಾಡಿ, ಪಕ್ಕದಲ್ಲಿ ಕಾಣುವ ಸೂರ್ಯನ ಚಿಹ್ನೆಯನ್ನು ಕೆಳಗೋ ಮೇಲಕ್ಕೋ ಸರಿಸಿದರೆ ಸಾಕು.

ಎಡಿಟಿಂಗ್ ಯಾವಾಗಲೂ ಪ್ರತಿಯ ಮೇಲೆ ಮಾಡಿ, ಮೂಲ ಚಿತ್ರ ಹಾಗೇ ಇರಲಿ. ಮೊದಲು ಕ್ರಾಪ್: ಮೀಸೆಯ ತುದಿ ಕತ್ತರಿಸಬೇಡಿ. ಆಮೇಲೆ ವೈಟ್ ಬ್ಯಾಲೆನ್ಸ್, ಅಂದರೆ ಬೆಳಕಿನಿಂದ ಬಂದ ಬಣ್ಣದ ಛಾಯೆ ತೆಗೆಯುವುದು. ಬಲ್ಬಿನ ಹಳದಿ ಕಳೆಯಿರಿ, ಆದರೆ ಕೇಸರಿ ಬೆಕ್ಕಿನ ಸ್ವಂತ ಬಣ್ಣವೂ ಅದರ ಜೊತೆ ಹೋಗದಂತೆ ನೋಡಿಕೊಳ್ಳಿ. ಕಪ್ಪು ರೋಮದಲ್ಲಿ ಶ್ಯಾಡೋಸ್, ಅಂದರೆ ಗಾಢ ಭಾಗಗಳ ಬೆಳಕು, ತುಸು ಎತ್ತಿದರೆ ವಿವರ ಬರುತ್ತದೆ, ಜಾಸ್ತಿ ಎತ್ತಿದರೆ ಮತ್ತೆ ಅದೇ ಬೂದಿ. ನಾಯ್ಸ್ ತಗ್ಗಿಸುವುದರಲ್ಲೂ ಕೈ ಬಿಗಿಯಿರಲಿ, ಇಲ್ಲದಿದ್ದರೆ ರೋಮ ಮೇಣದಂತಾಗುತ್ತದೆ. ಶಾರ್ಪ್‌ನೆಸ್ ಕಣ್ಣಿಗೂ ಮೂಗಿಗೂ ಮಾತ್ರ ಸಾಕು. ಹಿನ್ನೆಲೆಯನ್ನು ಮಸುಕಾಗಿಸುವ ಪೋರ್ಟ್ರೇಟ್ ಮೋಡ್ ಬಳಸಿದ್ದರೆ ಚಿತ್ರವನ್ನು ಹಿಗ್ಗಿಸಿ ಮೀಸೆ, ಕಿವಿಯಂಚು ನೋಡಿ. ಅವು ಹಿನ್ನೆಲೆಯೊಂದಿಗೆ ಮಸುಕಾಗಿದ್ದರೆ ಮಸುಕಿನ ಪ್ರಮಾಣವನ್ನು ಅರ್ಧಕ್ಕಿಳಿಸಿ.

ನಮಸ್ಕಾರ.