ಒಂದು ಕೋಟಿ ರೂಪಾಯಿ ಎಷ್ಟು ಲೀಟರು?

ಅಧ್ಯಕ್ಷರೇ, ಗಣಿತ ದಿನಾಚರಣೆಗೆ ಸೇರಿರುವ ವಿದ್ಯಾರ್ಥಿಗಳೇ,

ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಆಯುಷ್ಯ ಸವೆಸಿದವನಿಗೆ ಗಣಿತದ ವೇದಿಕೆಯಲ್ಲೇನು ಕೆಲಸ ಎಂದು ನಿಮಗೆ ಅನ್ನಿಸಿರಬಹುದು. ಚುನಾವಣೆ ಬಂದಾಗಲೆಲ್ಲ ‘ಸೂಟ್‌ಕೇಸಿನಲ್ಲಿ ಹತ್ತು ಕೋಟಿ ಹೋಯಿತಂತೆ’ ಎಂಬ ಮಾತನ್ನು ಲೆಕ್ಕ ಬಲ್ಲವರೂ ನಂಬಿಬಿಡುತ್ತಾರೆ. ಯಾವ ಮುಖಬೆಲೆಯ ನೋಟು ಎಂದು ಒಬ್ಬರೂ ಕೇಳುವುದಿಲ್ಲ. ಆ ಸಂಕಟವೇ ನನ್ನನ್ನು ಇಲ್ಲಿಗೆ ಕರೆತಂದಿದೆ.

ಈಗಿನ 500ರ ನೋಟು 150 ಮಿಲಿಮೀಟರ್ ಉದ್ದ, 66 ಮಿಲಿಮೀಟರ್ ಅಗಲ. ದಪ್ಪವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗವೆಂದು ಹಿಡಿದರೆ ಗಾತ್ರ ಹೆಚ್ಚುಕಡಿಮೆ ಒಂದು ಘನ ಸೆಂಟಿಮೀಟರ್. ತೂಕವೂ ಒಂದು ಗ್ರಾಮಿನ ಆಸುಪಾಸು. ಕೋಟಿಗೆ 20,000 ನೋಟು, ಅಂದರೆ 20 ಲೀಟರ್, 20 ಕಿಲೋ. ನಿಮ್ಮ ಹಾಸ್ಟೆಲಿನ ಮೂಲೆಯಲ್ಲಿ ಬೋರಲಾಗಿ ಕುಳಿತಿರುವ ನೀರಿನ ಕ್ಯಾನೇ ಒಂದು ಕೋಟಿ! ಹತ್ತು ಕೋಟಿಯನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಓಡುವ ಸಿನಿಮಾ ನಾಯಕ ಅಂಥ ಹತ್ತು ಕ್ಯಾನುಗಳನ್ನು ಎತ್ತಿದ್ದಾನೆ.

ಇದು ಹೊಸ ನೋಟಿನ ಲೆಕ್ಕವಾಯಿತು. ಬಳಸಿದ ನೋಟಿನ ಕಥೆಯನ್ನು ನಾನು ಕಲಿತದ್ದು ತೊಂಬತ್ತರ ದಶಕದಲ್ಲಿ, ರಿಸರ್ವ್ ಬ್ಯಾಂಕಿನ ನೋಟುಗಳನ್ನು ದಾಸ್ತಾನಿಡುವ ಕರೆನ್ಸಿ ಚೆಸ್ಟಿನಿಂದ 30 ಲಕ್ಷ ತರಲು ನನ್ನನ್ನು ಕಳುಹಿಸಿದ ದಿನ. ಎಲ್ಲವೂ 100ರ ನೋಟುಗಳು. ಸ್ಕೇಲಿನಿಂದ ಅಳೆದು ಒಂದೇ ಟ್ರಂಕು ಸಾಕೆಂದು ನಾನೇ ತೀರ್ಮಾನಿಸಿದ್ದೆ. ಆಗ ಪ್ಯಾಕೆಟ್ಟುಗಳಿಗೆ ಪಿನ್ ಹೊಡೆಯುತ್ತಿದ್ದರು. ಪಿನ್ನಿನ ತುದಿ ಉಬ್ಬಿ, ಒಂದರ ಮೇಲೊಂದು ಪೇರಿಸಿದರೆ ರಾಶಿ ಒಂದು ಕಡೆಗೆ ವಾಲುತ್ತಿತ್ತು. ಮುಚ್ಚಳ ಕೂಡಲಿಲ್ಲ. ಅದರ ಮೇಲೆ ಹತ್ತಿ ಕುಳಿತೆ, ಆಗಲೂ ಕೂಡಲಿಲ್ಲ. ಜೊತೆಗಿದ್ದ ಹೆಡ್ ಕ್ಯಾಷಿಯರ್ ‘ಏಳಪ್ಪ, ಲಕ್ಷ್ಮಿಯ ಮೇಲೆ ಕೂರಬಾರದು’ ಎಂದು ನನ್ನನ್ನು ಎಬ್ಬಿಸಿ, ಎಲ್ಲವನ್ನೂ ಹೊರತೆಗೆದು, ಒಂದು ಪ್ಯಾಕೆಟ್ಟಿನ ಪಿನ್ನು ಎಡಕ್ಕೆ, ಮುಂದಿನದರದು ಬಲಕ್ಕೆ ಬರುವಂತೆ ಹೊಂದಿಸಿದರು. ಮುಚ್ಚಳ ಕೂಡಿತು. ಆದರೂ ಎರಡು ಬಂಡಲ್ ಹೊರಗೇ ಉಳಿದು, ಅವರ ಊಟದ ಚೀಲ ಸೇರಿದವು. 2001ರಲ್ಲಿ ರಿಸರ್ವ್ ಬ್ಯಾಂಕು ಪಿನ್ನಿಗೆ ಬದಲು ಕಾಗದದ ಪಟ್ಟಿ ಕಟ್ಟುವಂತೆ ಸೂಚಿಸಿತಾದರೂ, ಮಡಿಕೆಬಿದ್ದ ನೋಟಿಗೆ ಮೂರನೆಯ ಒಂದು ಪಾಲು ಜಾಗ ಹೆಚ್ಚಿಗೆ ಇಡುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ.

2023ರ ಡಿಸೆಂಬರಿನಲ್ಲಿ ಒಡಿಶಾ ಕಡೆಯ ಆದಾಯ ತೆರಿಗೆ ದಾಳಿಯಲ್ಲಿ ಸುಮಾರು 350 ಕೋಟಿ ಸಿಕ್ಕಾಗ ಪತ್ರಿಕೆಗಳು 176 ಚೀಲಗಳೆಂದು ಬರೆದವು. ಎಲ್ಲವೂ 500ರ ನೋಟೆಂದರೆ 70 ಲಕ್ಷ ನೋಟು, ಏಳು ಟನ್. ಚೀಲವೊಂದಕ್ಕೆ 40 ಕಿಲೋ. ಸಣ್ಣ ನೋಟುಗಳೂ ಇದ್ದುದರಿಂದ ನಿಜವಾದ ಭಾರ ಇನ್ನೂ ಹೆಚ್ಚೇ. ಆದರೂ ಸುದ್ದಿ ನಂಬುವಂಥದ್ದೆಂದು ಈ ಲೆಕ್ಕ ಹೇಳುತ್ತದೆ.

ಅಧ್ಯಕ್ಷರ ಚೀಟಿ ಬಂದಿದೆ. 2,000ದ ನೋಟಿನಲ್ಲಾದರೆ ಕೋಟಿಯು ಐದೂವರೆ ಲೀಟರಿನ ಕುಕ್ಕರಿನಲ್ಲಿ ಅಡಗುತ್ತಿತ್ತು ಎಂಬುದನ್ನು ವಿವರಿಸಲು ಸಮಯವಿಲ್ಲ. ನಾಣ್ಯದ ಮಾತೊಂದನ್ನು ಹೇಳಿ ಇಳಿಯುತ್ತೇನೆ: ವಿಧಾನಸಭೆಯ 10,000 ರೂಪಾಯಿ ಠೇವಣಿಯನ್ನು ಒಂದು ರೂಪಾಯಿ ನಾಣ್ಯಗಳಲ್ಲೇ ಕಟ್ಟಲು ಹೊರಡುವ ಅಭ್ಯರ್ಥಿ ಹೊರುವುದು 30 ಕಿಲೋಗಿಂತ ಹೆಚ್ಚು. ಅವನ ಎದುರಾಳಿ ಕೋಟಿಯನ್ನೇ ಹೊತ್ತು ಬಂದರೂ 20 ಕಿಲೋ.