ತುಟಿಯ ಗುಳ್ಳೆ ಮುಟ್ಟಿದ ಕೈ

ಕೇಳುಗರೆಲ್ಲರಿಗೂ ನಮಸ್ಕಾರ.

"ಡಾಕ್ಟ್ರೇ, ತುಟಿ ಮೇಲೆ ಗುಳ್ಳೆ ಎದ್ದಿತ್ತು. ಗೊತ್ತಿಲ್ಲದೆ ಮುಟ್ಟಿದೆ, ಅದೇ ಕೈಯಲ್ಲಿ ಮೈಯೆಲ್ಲ ತುರಿಸಿಕೊಂಡೆ. ಇನ್ನು ಎಲ್ಲೆಲ್ಲಿ ಏಳುತ್ತೋ?" ಚರ್ಮದ ವೈದ್ಯರಿಗೆ ಇದು ಹಳೆಯ ಪ್ರಶ್ನೆ. ಕೇಳುವವರ ಮುಖದಲ್ಲಿ ಮಾತ್ರ ಪ್ರತಿ ಸಲವೂ ಹೊಸ ಗಾಬರಿ.

ಜ್ವರ ಬಂದು ಹೋದಮೇಲೆ ತುಟಿಯಂಚಿನಲ್ಲಿ ಗೊಂಚಲಾಗಿ ಏಳುವ ನೀರುಗುಳ್ಳೆಗಳ ಮಾತು ಇದು. ಉಷ್ಣ ಆಗಿದೆ ಎನ್ನುತ್ತೇವೆ, ಜೇಡ ಹರಿದಿದೆ ಎನ್ನುವವರೂ ಇದ್ದಾರೆ. ನಿಜವಾದ ಕಾರಣ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್. ಹೆಸರು ಕೇಳಿ ತಲೆ ತಗ್ಗಿಸಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ, 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಇದರ ಒಂದನೇ ಬಗೆ ಇದೆ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ, ಯಾರೋ ಮುದ್ದು ಮಾಡಿದಾಗ ಅಂಟಿರುತ್ತದೆ. ಆಮೇಲೆ ಮುಖದ ನರದ ಗಂಟಿನಲ್ಲಿ ಅಡಗಿ ಕೂರುತ್ತದೆ. ಜ್ವರ, ಬಿಸಿಲು, ಮನಸ್ಸಿನ ಒತ್ತಡ, ಯಾವುದಾದರೂ ಒಂದು ಸಾಕು, ಮತ್ತೆ ತುಟಿಗೆ ಇಳಿಯುತ್ತದೆ.

ಹೀಗೆ ಆಗಾಗ ಗುಳ್ಳೆ ಏಳುವವರ ರಕ್ತದಲ್ಲಿ ವೈರಸ್ಸನ್ನು ತಡೆಯುವ ಶಕ್ತಿ ಆಗಲೇ ಬೆಳೆದಿರುತ್ತದೆ. ಗಾಯವಿಲ್ಲದ ಚರ್ಮವನ್ನು ಅದು ಸುಲಭವಾಗಿ ದಾಟುವುದೂ ಇಲ್ಲ. ಹಾಗಾಗಿ ಒಮ್ಮೆ ಮುಟ್ಟಿದ ಮಾತ್ರಕ್ಕೆ ಮೈಯೆಲ್ಲ ಹರಡುವುದು ಅಪರೂಪ. ಸೋಪು ಹಾಕಿ ಕೈ ತೊಳೆದರೆ ಆಯಿತು.

ಮೊದಲ ಸಲ ಬಂದಾಗಿನ ಕಥೆ ಬೇರೆ. ಆಗ ತಡೆಯುವ ಶಕ್ತಿ ಇನ್ನೂ ಇರುವುದಿಲ್ಲ. ಬಾಯಲ್ಲಿ ಹುಣ್ಣಾದ ಮಗು ಹೆಬ್ಬೆರಳು ಚೀಪಿದರೆ ಬೆರಳ ತುದಿಯೂ ಊದಿ, ಕೆಂಪಾಗಿ, ಗುಳ್ಳೆ ಏಳಬಹುದು. ನೋಡಿದರೆ ಥೇಟ್ ಉಗುರುಸುತ್ತು. ಕೀವು ತುಂಬಿದೆ ಎಂದು ಸೂಜಿಯಲ್ಲಿ ಚುಚ್ಚಿಬಿಡುತ್ತಾರೆ. ದಯವಿಟ್ಟು ಚುಚ್ಚಬೇಡಿ. ಗಂಡಸರು ಗುಳ್ಳೆ ಮಾಯುವವರೆಗೆ ಆ ಜಾಗದ ಮೇಲೆ ರೇಜರ್ ಆಡಿಸಬೇಡಿ; ಬ್ಲೇಡು ಗೀರಿದಲ್ಲೆಲ್ಲ ವೈರಸ್ಸಿಗೆ ದಾರಿ ಸಿಗುತ್ತದೆ. ಗುಳ್ಳೆ ಇರುವಾಗ ಬಾಯಿಂದ ಸಂಗಾತಿಯ ಗುಪ್ತಾಂಗಕ್ಕೂ ಇದು ಅಂಟುತ್ತದೆ. ರೇಡಿಯೋದಲ್ಲಿ ಇದನ್ನೂ ಹೇಳುತ್ತಾರಾ ಎನ್ನಬೇಡಿ, ಹೇಳಲೇಬೇಕಾದ ಮಾತು.

ಇನ್ನು ಕಣ್ಣು. ನಿಜವಾಗಿ ಹೆದರಬೇಕಾದದ್ದು ಇಲ್ಲಿ. ತುಟಿಗೆ ಹಚ್ಚಿದ ಬೆರಳಿನಲ್ಲೇ ಕಾಡಿಗೆ ತೀಡುವುದು, ಕಾಂಟ್ಯಾಕ್ಟ್ ಲೆನ್ಸಿಗೆ ಎಂಜಲು ಸವರಿ ಹಾಕಿಕೊಳ್ಳುವುದು, ಎರಡೂ ಬೇಡ. ಆದರೆ ಎಷ್ಟೇ ಎಚ್ಚರವಾಗಿದ್ದರೂ ವೈರಸ್ಸು ಅದೇ ನರದ ಇನ್ನೊಂದು ಕವಲು ಹಿಡಿದು ಒಳಗಿನಿಂದಲೇ ಕಣ್ಣಿಗೆ ಬರಬಹುದು. ಹೆಚ್ಚಾಗಿ ಬರುವುದೂ ಹಾಗೆಯೇ. ಒಂದೇ ಕಣ್ಣು ಕೆಂಪಾಗುತ್ತದೆ, ನೋಯುತ್ತದೆ, ನೀರು ಸುರಿಯುತ್ತದೆ, ಬೆಳಕು ನೋಡಲಾಗುವುದಿಲ್ಲ. ಕಣ್ಣಿನ ವೈದ್ಯರು ಬಣ್ಣದ ಹನಿ ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಕರಿಗುಡ್ಡೆಯ ಮೇಲೆ ಮರದ ರೆಂಬೆಯಂತೆ ಕವಲೊಡೆದ ಹುಣ್ಣು ಹಸಿರಾಗಿ ಹೊಳೆಯುತ್ತದೆ. ಇದನ್ನು ಮದ್ರಾಸ್ ಐ ಅಂದುಕೊಂಡು ಮೆಡಿಕಲ್ ಶಾಪಿನಲ್ಲಿ ಕೊಟ್ಟ ಸ್ಟೆರಾಯ್ಡ್ ಡ್ರಾಪ್ಸ್ ಹಾಕಿಕೊಂಡರೆ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಹುಣ್ಣು ಹರಡುತ್ತದೆ, ದೃಷ್ಟಿಯೇ ಹೋಗಬಹುದು. ಚೀಟಿ ಇಲ್ಲದೆ ಕಣ್ಣಿಗೆ ಹನಿ ಬೇಡ.

ಪದೇ ಪದೇ ಏಳುವವರು ಎಸೈಕ್ಲೋವಿರ್ ಎಂಬ ವೈರಸ್ ತಡೆಯುವ ಔಷಧದ ಬಗ್ಗೆ ವೈದ್ಯರನ್ನು ಕೇಳಿ. ತುಟಿ ಚುರುಗುಟ್ಟಲು ಶುರುವಾದಾಗಲೇ ತೆಗೆದುಕೊಂಡರೆ ಪ್ರಯೋಜನ ಹೆಚ್ಚು, ಹೊಪ್ಪಳೆ ಕಟ್ಟಿದ ಮೇಲೆ ಅಷ್ಟಕ್ಕಷ್ಟೆ. ಇಸುಬು ಇರುವ ಮಕ್ಕಳ ಮೈಗೆ ಇದು ಬೇಗ ಹರಡುತ್ತದೆ, ಅವರನ್ನು ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ಹಸುಗೂಸುಗಳಿಗಂತೂ ಪ್ರಾಣಕ್ಕೇ ಅಪಾಯ. ಬಾಣಂತಿ ನೋಡಲು ಹೋದಾಗ ತುಟಿಯಲ್ಲಿ ಗುಳ್ಳೆ ಇದ್ದರೆ ಮಗುವಿಗೆ ಮುತ್ತು ಕೊಡಬೇಡಿ, ಸ್ವಂತ ಅಜ್ಜಿಯಾದರೂ ಸರಿ.

ನಮಸ್ಕಾರ.